ಭಾನುವಾರದ ಕತ್ತರಿ

ಜನವರಿ ೧೨

ಅಕ್ಕಾ,

ನಿನ್ನ ಕಾಗದ ಬಂದು ವಾರವಾಯಿತು. ತಡವಾದದ್ದಕ್ಕೆ ಬೈಯುವುದಾದರೆ ಕಾಗದದಲ್ಲೇ ಬೈ, ಫೋನಿನಲ್ಲಿ ಬೇಡ. ಕಳೆದ ಸಲ ನೀನು "ಹಾಂ? ಏನಂದೆ? ಜೋರಾಗಿ ಹೇಳೋ" ಎಂದದ್ದಕ್ಕೆ ನಾನು ಕಿರುಚಿದೆ, ಪಕ್ಕದ ಕೋಣೆಯವನು ಗೋಡೆ ಗುದ್ದಿದ. ಹಿಟ್ಟಿನ ಗಿರಣಿ ನಿನ್ನ ಕಿವಿಯನ್ನು ತಿಂದು ಮುಗಿಸಿ ಈಗ ನನ್ನ ಮರ್ಯಾದೆಗೆ ಬಾಯಿ ಹಾಕಿದೆ.

ಮೆಣಸು ಫೋನಿಗೇನೋ ಬರುತ್ತಾಳೆ. ಬಂದು ಏನು ಸುಖ? "ಊಟ ಆಯ್ತಾ?" "ಹೂಂ." "ಸ್ಕೂಲು?" "ಹೂಂ." "ಅಪ್ಪನ ನೆನಪು ಬರುತ್ತಾ?" "ಹೂಂ. ಇಡ್ಲಾ?" ಸಾಲ ಕೇಳಲು ಬಂದವನ ಜೊತೆ ಮಾತಾಡುವ ಹಾಗೆ ಮಾತಾಡುತ್ತಾಳೆ ನನ್ನ ಮಗಳು. ತಪ್ಪು ಅವಳದಲ್ಲ. ಅವಳಮ್ಮ ಹೋದಾಗ ತೊಟ್ಟಿಲಲ್ಲಿದ್ದವಳನ್ನು ನಿನ್ನ ಮಡಿಲಿಗೆ ಹಾಕಿದೆ. ಆಮೇಲೆ "ಎರಡೇ ವರ್ಷ" ಎಂದು ಹೇಳಿ ಈ ಪರದೇಶಕ್ಕೆ ಬಂದೆ. ಆ ಎರಡು ವರ್ಷ ಇನ್ನೂ ಮುಗಿದಿಲ್ಲ.

ಈಗ ಒಂದು ದಾರಿ ಕಾಣಿಸಿದೆ. ಇಲ್ಲಿ ಸಂಬಳ ಕೈಗೆ ಬರುವ ಮೊದಲೇ ಒಂದು ಪಾಲನ್ನು ಹಿಡಿದುಕೊಳ್ಳುತ್ತಾರೆ, ಕಾಯಿಲೆಗೆ, ಮುಪ್ಪಿಗೆ, ಕೆಲಸ ಹೋದರೆ ಅದಕ್ಕೆ ಎಂದು. ಸಾಮಾಜಿಕ ಭದ್ರತೆ ಎಂದು ಅದರ ಹೆಸರು. ಅರ್ಧ ನನ್ನದು, ಅರ್ಧ ನನಗೆ ಕೆಲಸ ಕೊಟ್ಟ ಆಸ್ಪತ್ರೆಯವರದು. ಇಷ್ಟು ದಿನ ಆ ಕಡಿತ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಈಗ ಗೊತ್ತಾಯಿತು: ಸಂಬಳದ ಕೆಲಸ ಇರುವವನ ಮಗುವಿಗೂ ಅದರ ನೆರಳಿನಲ್ಲೇ ಔಷಧೋಪಚಾರವೆಲ್ಲ ಬಿಟ್ಟಿ. ಮೆಣಸನ್ನು ಕರೆಸಿಕೊಳ್ಳಬಹುದೇ ಎಂದು ವಲಸೆ ಕಚೇರಿಯಲ್ಲಿ ಕೇಳಿದೆ. "ನಿಮ್ಮ ಸಂಬಳ ಸ್ವಲ್ಪ ಸಾಲದು. ಇನ್ನಷ್ಟು ಆದಾಯ ತೋರಿಸಿ, ಎರಡು ಕೋಣೆಯ ಮನೆ ಹಿಡೀರಿ, ಆಮೇಲೆ ಬನ್ನಿ" ಎಂದರು.

ಅದಕ್ಕೇ ಒಂದು ಉಪಕಸುಬು ಶುರು ಮಾಡುತ್ತಿದ್ದೇನೆ. ವಾರವೆಲ್ಲ ಆಸ್ಪತ್ರೆಯ ಬಟ್ಟೆ ಒಗೆಯುವುದು, ಭಾನುವಾರ ಮನೆಮನೆಗೆ ಹೋಗಿ ವಯಸ್ಸಾದವರಿಗೆ ಸಹಾಯ. ದೊಡ್ಡದೇನಲ್ಲ.

ನಿನ್ನ ತಮ್ಮ

ಫೆಬ್ರವರಿ ೯

ತಮ್ಮಾ,

ನಿನ್ನ ಸಂಬಳಕ್ಕೆ ಕತ್ತರಿ ಹಾಕುವ ವಿಷಯ ಓದಿ ನಗು ಬಂತು. ನಾವು ಕತ್ತರಿ ಬಿಟ್ಟರೂ ಕತ್ತರಿ ನಮ್ಮ ಮನೆತನವನ್ನು ಬಿಡುವುದಿಲ್ಲ ನೋಡು.

ವಯಸ್ಸಾದವರಿಗೆ ಸಹಾಯ ಎಂದರೆ ಏನು? ನೆಲ ಒರೆಸುವುದಾ, ಸಾಮಾನು ತಂದುಕೊಡುವುದಾ? ಏನಾದರೂ ಮಾಡು, ನನ್ನ ಅಡ್ಡಿಯಿಲ್ಲ. ಒಂದು ಬಿಟ್ಟು. ಅಪ್ಪನ ಕ್ಷೌರದ ಪೆಟ್ಟಿಗೆ ಹೊತ್ತುಕೊಂಡು ಅವನ ಹಿಂದೆ ಹಿತ್ತಿಲಿಂದ ಹಿತ್ತಿಲಿಗೆ ನಡೆದವಳು ನಾನು. ಮುಂಬಾಗಿಲು ಹೇಗಿರುತ್ತದೆ ಎಂದು ಆ ಮನೆಗಳಲ್ಲಿ ನಾವು ನೋಡಲಿಲ್ಲ. ನಿನ್ನ ಕೈಗೆ ಆ ಕತ್ತರಿ ಬರಬಾರದು ಎಂದೇ ಗಿರಣಿ ಸೇರಿ ನಿನ್ನನ್ನು ಓದಿಸಿದೆ. ನೀನು ಓದಿ ಬಟ್ಟೆ ಒಗೆಯಲು ಹೋದೆ, ಅದು ಬೇರೆ ಮಾತು. ಒಗೆಯುವುದು ಯಂತ್ರ ತಾನೆ.

ಮೆಣಸನ್ನು ಕರೆಸಿಕೊಳ್ಳುವ ಮಾತು ಓದಿದೆ. ಒಳ್ಳೆಯದು. ಆದರೆ ಅಲ್ಲಿ ಚಳಿ ಜಾಸ್ತಿ ಎನ್ನುತ್ತೀಯ. ಅವಳಿಗೆ ಬೇಗ ನೆಗಡಿಯಾಗುತ್ತದೆ.

ಮೊನ್ನೆ ಅವಳು ಮಾಡಿದ್ದು ಕೇಳು. ಗಿರಣಿಗೆ ಬಂದಿದ್ದಳು. ಗೋಧಿ ತಂದ ಗಿರಾಕಿಯೊಬ್ಬರು ನನಗೆ ಏನೋ ಬೈದರಂತೆ. ನನಗೆ ಕೇಳಿಸದು, ನಾನು ನಗುತ್ತಾ ತಲೆಯಾಡಿಸಿದೆ. ಇವಳು ಎದ್ದು ನಿಂತು ಅವರಿಗೆ, "ಅತ್ತೆಗೆ ಕೇಳ್ಸಲ್ಲ, ನಂಗೆ ಹೇಳಿ, ನಾನು ವಾಪಸ್ ಕೊಡ್ತೀನಿ" ಎಂದಳಂತೆ. ಗಿರಾಕಿ ಹಿಟ್ಟು ತೆಗೆದುಕೊಂಡು ತೆಪ್ಪಗೆ ಹೋದರು. ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಗಾತ್ರ ನೋಡಿ ಯಾರೂ ಮೋಸ ಹೋಗಬಾರದು.

ಅಕ್ಕ

ಮಾರ್ಚ್ ೨

ಅಕ್ಕಾ,

ಕೊನೆಗೂ ನಾನು ಕಾಯ್ದೆಬದ್ಧ ವ್ಯಾಪಾರಿಯಾದೆ. ಮೊದಲು ನಮ್ಮ ಒಗೆಯುವ ವಿಭಾಗದ ಮೇಲ್ವಿಚಾರಕಿಯ ಒಪ್ಪಿಗೆ ಬೇಕಿತ್ತು. ದಪ್ಪ ಕನ್ನಡಕದ ಹೆಂಗಸು, ನಕ್ಕಿದ್ದನ್ನು ಯಾರೂ ಕಂಡಿಲ್ಲ. "ಸೋಮವಾರ ಬೆಳಗ್ಗೆ ತೂಕಡಿಸ್ಕೊಂಡು ಬಂದ್ರೆ ನಾನು ಒಪ್ಪಲ್ಲ" ಎಂದು ಹೇಳಿ ಸಹಿ ಹಾಕಿದಳು. ಆಮೇಲೆ ನಗರದ ಕಚೇರಿಯಲ್ಲಿ ನೋಂದಣಿ. ಆಮೇಲೆ ಆ ಸಾಮಾಜಿಕ ಭದ್ರತೆಯ ವಿಮೆಯವರು. ಅಲ್ಲಿಯ ಹುಡುಗಿ ಎಲ್ಲ ಬರೆದುಕೊಂಡು ಕೊನೆಗೆ, "ಎರಡರಲ್ಲಿ ನಿಮ್ಮ ಮುಖ್ಯ ಕೆಲಸ ಯಾವುದು?" ಎಂದು ಕೇಳಿದಳು.

"ಒಗೆಯೋದು" ಎಂದೆ.

"ಹಾಗೇ ಇರಬೇಕು. ಸ್ವಂತ ಕೆಲಸದ ಗಂಟೆಗಳೋ ಆದಾಯವೋ ಸಂಬಳದ ಕೆಲಸಕ್ಕಿಂತ ಹೆಚ್ಚಾದ್ರೆ ನೀವು ಉದ್ಯೋಗಿ ಅಲ್ಲ, ವ್ಯಾಪಾರಿ. ಆಗ ಪೂರ್ತಿ ಕಂತು ನೀವೇ ಕಟ್ಬೇಕು. ಮಗುವಿಗೂ ಬೇರೆಯಾಗಿ."

ನೋಡು ಅಕ್ಕಾ, ಎಂಥ ಹಗ್ಗದ ಮೇಲಿನ ನಡಿಗೆ. ಮೆಣಸನ್ನು ಕರೆಸಲು ಸಾಕಾಗುವಷ್ಟು ದುಡಿಯಬೇಕು, ಆದರೆ ಅದು ಮುಖ್ಯ ಕೆಲಸ ಆಗುವಷ್ಟು ದುಡಿಯಬಾರದು.

ಕೆಲಸ ಚೆನ್ನಾಗಿ ನಡೆದಿದೆ. ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬ ಹಳೆಯ ಬಸ್ ಡ್ರೈವರ್ ಇದ್ದಾರೆ, ಕೋಲಿಲ್ಲದೆ ನಡೆಯಲಾರರು. ಕುತ್ತಿಗೆಯ ಹಿಂದೆ ಕಾಲರು ಉಜ್ಜಿ ಉಜ್ಜಿ ಆದ ಗೆರೆ ಇನ್ನೂ ಇದೆ. ಅವರಿಂದ ಇನ್ನೊಬ್ಬರಿಗೆ ಸುದ್ದಿ ಹೋಯಿತು. ಈಗ ಮೆಟ್ಟಿಲಿಳಿಯಲಾರದವರೆಲ್ಲ ಕರೆಯುತ್ತಾರೆ. ಒಬ್ಬ ಅಜ್ಜಿಗೆ ನೆತ್ತಿಯಲ್ಲಿ ಎರಡು ಸುಳಿ. ಒಬ್ಬರ ಎಡಕಿವಿ ಬಲಕಿವಿಗಿಂತ ಒಂದು ಬೆರಳು ಕೆಳಗೆ. ಯಾರೂ ಹೆಚ್ಚು ಮಾತಾಡುವುದಿಲ್ಲ. ಆದರೆ ನಾನು ತಲೆಗೆ ಕೈ ಹಚ್ಚಿದ ಕೂಡಲೇ ಕಣ್ಣು ಮುಚ್ಚುತ್ತಾರೆ. ಆಗ ನನಗೂ ಹೊಳೆಯಿತು, ಇಲ್ಲಿಗೆ ಬಂದ ಮೇಲೆ ನನ್ನನ್ನೂ ಯಾರೂ ಮುಟ್ಟಿ ಮಾತಾಡಿಸಿಲ್ಲ.

ನಿನ್ನ ತಮ್ಮ

ಮಾರ್ಚ್ ೨೩

ತಮ್ಮಾ,

ನನಗೆ ಕಿವಿ ಕೇಳದು, ಕಣ್ಣು ಕಾಣುತ್ತದೆ.

ನಿನ್ನ ಕಾಗದದಲ್ಲಿ ಒಬ್ಬರ ಮುಖವೂ ಇಲ್ಲ. ಬರೀ ಕುತ್ತಿಗೆ, ಕಿವಿ, ಸುಳಿ. ನೆಲ ಒರೆಸುವವನು ಮನೆಯವರ ನೆತ್ತಿಯ ಸುಳಿ ಲೆಕ್ಕ ಹಾಕುತ್ತಾನಾ? ಅಪ್ಪನೂ ಹೀಗೇ ಮಾತಾಡುತ್ತಿದ್ದ. ಊರಿನವರನ್ನೆಲ್ಲ ಹಿಂದಿನಿಂದ ಗುರುತು ಹಿಡಿಯುತ್ತಿದ್ದ.

ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಹಸಿವಾಯಿತು, ಉಂಡೆ. ಈಗ ಬರೆಯುತ್ತಿದ್ದೇನೆ. ಒಂದೇ ಒಂದು ಮಾತು ಕೇಳುತ್ತೇನೆ, ಸುಳ್ಳು ಹೇಳಬೇಡ.

ಆ ಮನೆಗಳಿಗೆ ನೀನು ಯಾವ ಬಾಗಿಲಿಂದ ಹೋಗುತ್ತೀಯ?

ಅಕ್ಕ

ಏಪ್ರಿಲ್ ೧೩

ಅಕ್ಕಾ,

ಮುಂಬಾಗಿಲಿಂದ. ಇಲ್ಲಿಯ ಮನೆಗಳಿಗೆ ಇರುವುದೇ ಒಂದು ಬಾಗಿಲು. ಗಂಟೆ ಒತ್ತುತ್ತೇನೆ, ಒಳಗಿನಿಂದ ಕೋಲು ಊರಿಕೊಂಡು ಬಂದು ತೆರೆಯುತ್ತಾರೆ. ನನ್ನ ಕೋಟು ತಾವೇ ಇಸಕೊಂಡು ಮೊಳೆಗೆ ಹಾಕುತ್ತಾರೆ. ಕೆಲಸ ಮುಗಿದ ಮೇಲೆ ಚಹಾ. ಅವರು ಕುಡಿಯುವಂಥದೇ ಬಟ್ಟಲು. ಎರಡು ಸುಳಿಯ ಅಜ್ಜಿ ಪ್ರತಿ ಭಾನುವಾರ ಕರೆಯುತ್ತಾರೆ. ಕತ್ತರಿಸಲು ಅಲ್ಲಿ ಏನೂ ಉಳಿದಿಲ್ಲ. "ಅಜ್ಜಿ, ಹೋದ ವಾರ ತಾನೇ ಕತ್ತರಿಸಿದ್ದೆ" ಎಂದರೆ, "ಹಾಗಿದ್ರೆ ಸುಮ್ನೆ ಬಾಚು" ಎಂದರು. ಬಾಚಿದೆ. ಹಣ ಬೇಡ ಎಂದರೆ ಕೇಳಲಿಲ್ಲ.

ನಿನ್ನಿಂದ ಮುಚ್ಚಿಟ್ಟದ್ದು ತಪ್ಪು. ಆದರೆ ಅಪ್ಪನನ್ನು ನೋಡಿ ನೋಡಿಯೇ ಕಲಿತದ್ದು, ನನ್ನ ಕೈಗೆ ಚೆನ್ನಾಗಿ ಬರುವ ಕೆಲಸ ಇದೊಂದೇ ಅಕ್ಕಾ, ನಿನಗೂ ಗೊತ್ತು.

ಕೋಪ ಇಳಿದಿದ್ದರೆ ಒಂದು ಉಪಕಾರ ಮಾಡು. ಎರಡು ಕೋಣೆಯ ಮನೆ ಸಿಕ್ಕಿದೆ, ಮೂರನೇ ಮಹಡಿ. ಚಿಕ್ಕ ಕೋಣೆಯ ಕಿಟಕಿಯಿಂದ ಶಾಲೆಯ ಆಟದ ಬಯಲು ಕಾಣುತ್ತದೆ. ಹಳದಿ ಬಣ್ಣ ಬಳಿದಿದ್ದೇನೆ, ಅವಳಿಗೆ ಹಳದಿ ಇಷ್ಟ ಅಲ್ಲವಾ? ಇನ್ನು ಬೇಕಾದದ್ದು ನಿನ್ನ ಒಪ್ಪಿಗೆ ಪತ್ರ. ಕೋರ್ಟಿನ ಕಾಗದದಲ್ಲಿ ಮೆಣಸಿನ ಪಾಲಕಿ ನೀನು. "ಮಗುವನ್ನು ತಂದೆಯ ವಶಕ್ಕೆ ಒಪ್ಪಿಸುತ್ತೇನೆ" ಎಂದು ನೋಟರಿಯ ಮುಂದೆ ಸಹಿ ಮಾಡಿ ಕಳಿಸು. ಅರ್ಧ ದಿನದ ಕೆಲಸ.

ನಿನ್ನ ತಮ್ಮ

ಜೂನ್ ೧

ತಮ್ಮಾ,

ಒಂದೇ ಬಟ್ಟಲು ಎಂದು ಓದಿ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು. ಅಪ್ಪನಿಗೆ ತೆಂಗಿನ ಚಿಪ್ಪಿನಲ್ಲಿ ಕೊಡುತ್ತಿದ್ದರು. ಅವನು ಅದನ್ನೇ ದೊಡ್ಡ ಮರ್ಯಾದೆ ಎಂದುಕೊಂಡು ಕುಡಿಯುತ್ತಿದ್ದ. ಕೋಪ ಪೂರ್ತಿ ಇಳಿದಿಲ್ಲ, ಇಳಿಯುತ್ತದೆ.

ಕಾಗದದ ವಿಷಯ. ನೋಟರಿಯ ಗುಮಾಸ್ತ ರಜೆಯ ಮೇಲೆ ಹೋಗಿದ್ದಾನೆ. ಬಂದ ಮೇಲೆ ನೋಡೋಣ. ಅಷ್ಟರಲ್ಲಿ ಮೆಣಸಿನ ಶಾಲೆ ಶುರುವಾಯಿತು. ಹೊಸ ಪುಸ್ತಕಗಳಿಗೆಲ್ಲ ಹೊದಿಕೆ ಹಾಕಿದೆವು. ಅರ್ಧದಲ್ಲಿ ಬಿಡಿಸುವುದು ಒಳ್ಳೆಯದಲ್ಲ ಎಂದು ಟೀಚರು ಹೇಳಿದರು. ಅವರು ಹೇಳಿದರು ಎಂದು ಮೆಣಸು ಹೇಳಿದಳು.

ಅವಳಿಗೆ ಹಳದಿ ಇಷ್ಟವಿದ್ದದ್ದು ಎಳೆಯವಳಿದ್ದಾಗ. ಈಗ ನೀಲಿ.

ಅಕ್ಕ

ಜೂನ್ ೨೨

ಅಕ್ಕಾ,

ನೀಲಿ ಬಳಿದೆ. ಕೆಳಗಿಂದ ಹಳದಿ ಸ್ವಲ್ಪ ಇಣುಕುತ್ತದೆ, ಇನ್ನೊಂದು ಕೈ ಹೊಡೆದರೆ ಸರಿಹೋಗುತ್ತದೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಒಗೆಯುವಲ್ಲಿ ಸೋಪು ಬದಲಾಯಿಸಿದ್ದಾರೆ, ಅದಕ್ಕೆ ಕೈ ಸ್ವಲ್ಪ ಸಿಪ್ಪೆ ಎದ್ದಿದೆ. ಅಕ್ಷರ ಸೊಟ್ಟಗೆ ಕಂಡರೆ ಅಷ್ಟೇ ಕಾರಣ, ಬೇರೇನೂ ಇಲ್ಲ. ಭಾನುವಾರದ ಗಿರಾಕಿಗಳನ್ನು ಸ್ವಲ್ಪ ಕಡಿಮೆ ಮಾಡಿದ್ದೇನೆ. ಗುಮಾಸ್ತ ರಜೆ ಮುಗಿಸಿ ಬಂದಿರಬೇಕಲ್ಲ? ನನ್ನ ಅರ್ಜಿ ಬರೀ ನಿನ್ನ ಕಾಗದಕ್ಕೆ ಕಾದು ಕೂತಿದೆ. ಬೇಗ ಕಳಿಸು.

ಮೆಣಸಿಗೆ ಇಲ್ಲಿಯ ಶಾಲೆಯ ಬಗ್ಗೆ ಹೇಳಿದೆಯಾ? ಏನಂದಳು? ನಾನು ಫೋನಿನಲ್ಲಿ ಕೇಳಿದೆ. "ಹೂಂ" ಎಂದಳು.

ನಿನ್ನ ತಮ್ಮ

ಆಗಸ್ಟ್ ೩

ಅಕ್ಕಾ,

ನಿನ್ನ ಕಾಗದ ಇಲ್ಲ. ಗುಮಾಸ್ತನಿಗೆ ಇಷ್ಟು ರಜೆ ಕೊಡುವ ಕಚೇರಿ ಯಾವುದು, ನನಗೂ ಹೇಳು, ನಾನೂ ಅಲ್ಲಿ ಸೇರುತ್ತೇನೆ.

ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಇಲ್ಲಿಯ ಬೇಸಿಗೆ ಶುರುವಾಗುವ ಜೂನಿನಲ್ಲೇ ಹೊಸ ಯಂತ್ರ ತಂದು ನಮ್ಮೆಲ್ಲರ ಗಂಟೆ ಕಡಿತ ಮಾಡಿದರು. ಒಗೆಯುವ ಗಂಟೆ ಇಳಿದರೆ ಕತ್ತರಿಯೇ ನನ್ನ ಮುಖ್ಯ ಕೆಲಸ ಎಂದಾಗುತ್ತದೆ, ವಿಮೆ ಹೋಗುತ್ತದೆ, ಅರ್ಜಿಯೂ ಹೋಗುತ್ತದೆ. ಮೇಲ್ವಿಚಾರಕಿಯ ಮುಂದೆ ಕೈ ಕಟ್ಟಿ ನಿಂತೆ. "ಸೋಂಕಿನ ವಾರ್ಡಿನ ಬಟ್ಟೆ ಯಾರೂ ಒಪ್ಪಲ್ಲ, ನೀನು ಒಪ್ಪಿದ್ರೆ ಹಳೆ ಗಂಟೆ ಕೊಡ್ತೀನಿ" ಎಂದಳು. ಒಪ್ಪಿದೆ. ಸೋಪು ಬದಲಾದದ್ದಲ್ಲ, ಆ ವಿಭಾಗದ ಔಷಧಿ ನೀರು ಕೈ ತಿನ್ನುತ್ತಿದೆ. ಆ ಕೈಯಲ್ಲಿ ಭಾನುವಾರ ಕತ್ತರಿ ಹಿಡಿಯುತ್ತೇನೆ. ಎರಡು ಸುಳಿಯ ಅಜ್ಜಿಗೆ ಇನ್ನು ತಿಂಗಳಿಗೊಮ್ಮೆ ಮಾತ್ರ ಬರುತ್ತೇನೆ ಎಂದು ಹೇಳಿದೆ. ಅವರು, "ಆಗ್ಲಿ, ನಿನಗೂ ಮನೆ ಇರುತ್ತಲ್ಲ" ಎಂದರು. ಮನೆ ಇದೆ ಅಕ್ಕಾ. ನೀಲಿ ಬಳಿದ ಖಾಲಿ ಕೋಣೆ ಇದೆ. ಅದರ ಬಾಗಿಲು ಹಾಕಿಟ್ಟಿದ್ದೇನೆ, ನೋಡಲಾಗದೆ.

ನೀನು ಅವಳನ್ನು ಸಾಕಿದೆ. ಇಲ್ಲ ಎನ್ನುವುದಿಲ್ಲ. ಆದರೆ ಅವಳು ನನ್ನ ಮಗಳು. ಅದನ್ನು ನೀನು ಮರೆತಂತೆ ಕಾಣುತ್ತದೆ.

ತಮ್ಮ

ಆಗಸ್ಟ್ ೨೪

ತಮ್ಮಾ,

ಒಪ್ಪಿಗೆ ಪತ್ರ ಇದರ ಜೊತೆಗಿದೆ. ಮೂರು ಕಡೆ ಸಹಿ, ಒಂದು ಕಡೆ ಹೆಬ್ಬೆಟ್ಟು.

ಗುಮಾಸ್ತ ರಜೆ ಹಾಕಿರಲಿಲ್ಲ. ನಾನೇ ಹೋಗಿರಲಿಲ್ಲ.

ಸಹಿ ಮಾಡುವ ಮೊದಲು ಅದನ್ನು ಗಟ್ಟಿಯಾಗಿ ಓದಿ ಹೇಳುವುದು ನೋಟರಿಯ ನಿಯಮವಂತೆ. ಅವನು ಓದಿದ. ನನಗೆ ಕೇಳಿಸಲಿಲ್ಲ. ಮೆಣಸು ನನ್ನ ಕಿವಿಗೆ ಬಾಯಿ ಹಚ್ಚಿ ಒಂದೊಂದೇ ಮಾತು ಹೇಳಿದಳು. "ಈ ಮಗು ಮೇಲೆ ಇನ್ನು ನಿಂಗೆ ಯಾವ ಹಕ್ಕೂ ಇಲ್ಲ ಅಂತ ಬರ್ದಿದೆ ಅತ್ತೆ." ಹೇಳಿ ಮುಗಿಸಿ ಪೆನ್ನನ್ನೂ ಅವಳೇ ನನ್ನ ಕೈಗೆ ಕೊಟ್ಟಳು.

ಕೈಗೆ ಕೊಬ್ಬರಿ ಎಣ್ಣೆ ಹಚ್ಚು. ರಬ್ಬರಿನ ಗವಸು ಕೇಳು, ಕೊಡುತ್ತಾರೆ. ಕೇಳಲು ನಾಚಬೇಡ.

ಅವಳೂ ನಾಲ್ಕು ಸಾಲು ಬರೆದಿದ್ದಾಳೆ. ನಾನು ಓದಿಲ್ಲ, ಅಂಟಿಸಿ ಕೊಟ್ಟಳು.

ಅಕ್ಕ

ಅಪ್ಪಾ, ನಾನು ಬರ್ತೀನಿ. ಆದ್ರೆ ಬಾಗಿಲು ಬಡಿದ್ರೆ ಅತ್ತೆಗೆ ಯಾರು ಹೇಳ್ತಾರೆ? ಹಾಲು ಉಕ್ಕಿದ್ರೆ ಅತ್ತೆಗೆ ವಾಸನೆ ಬರುತ್ತೆ, ಅದು ಪರವಾಗಿಲ್ಲ. ಕುಕ್ಕರ್ ಸೀಟಿ ನಾನೇ ಎಣಿಸೋದು. ಗಿರಣಿಯಿಂದ ಬರುವಾಗ ಹಿಂದೆ ಗಾಡಿ ಬಂದ್ರೆ ನಾನೇ ಸೆರಗು ಎಳೆಯೋದು. ಫೋನಲ್ಲಿ ಅತ್ತೆ ಪಕ್ಕದಲ್ಲೇ ನಿಂತಿರ್ತಾರೆ, ನನ್ನ ಬಾಯಿ ನೋಡ್ತಾ ಇರ್ತಾರೆ, ಏನಂದ್ರೂ ತಿಳ್ಕೋತಾರೆ. ಅದಕ್ಕೆ ನಾನು ಹೂಂ ಅಂತೀನಿ. ಅತ್ತೇನೂ ಬರೋ ಹಾಗಿಲ್ವಾ?

ಸೆಪ್ಟೆಂಬರ್ ೧೪

ಅಕ್ಕಾ,

ನನ್ನ ಹೋದ ಕಾಗದದ ಕೊನೆಯ ಸಾಲುಗಳನ್ನು ಹರಿದು ಹಾಕು. ಸಾಧ್ಯವಾದರೆ ಓದಿಯೇ ಇಲ್ಲ ಎಂದುಕೋ.

ಮೆಣಸಿನ ನಾಲ್ಕು ಸಾಲು ಓದಿದ ಮಾರನೆಯ ದಿನವೇ ವಲಸೆ ಕಚೇರಿಗೆ ಹೋದೆ. ಸೋಂಕಿನ ವಾರ್ಡಿನ ಗಂಟೆಗಳನ್ನು ವಿಮೆಯವರು ಒಪ್ಪಿದ್ದಾರೆ. ಒಗೆಯುವುದೇ ಮುಖ್ಯ ಕೆಲಸ ಎಂದು ಬರೆದು ಕೊಟ್ಟಿದ್ದಾರೆ. ಅದನ್ನೂ ನಿನ್ನ ಪತ್ರವನ್ನೂ ಮೇಜಿನ ಮೇಲಿಟ್ಟು, "ಇವರನ್ನೂ ಕರೆಸಬಹುದಾ?" ಎಂದು ಕೇಳಿದೆ.

"ಯಾರಿವರು?"

"ನನ್ನ ಅಕ್ಕ."

"ಗಂಡ, ಹೆಂಡತಿ, ಮಕ್ಕಳು. ಅಷ್ಟೇ. ಅಕ್ಕಂದಿರು ಇಲ್ಲ."

"ಮಗುವನ್ನ ಸಾಕಿದವರು ಸಾರ್."

ಆತ ಕೆಟ್ಟ ಮನುಷ್ಯನಲ್ಲ. ಪುಸ್ತಕ ತಿರುವಿ ನೋಡಿದ. "ಸಾಕಿದವರಿಗೆ ಇದರಲ್ಲಿ ಜಾಗ ಇಲ್ಲ. ನಾನೇನು ಮಾಡ್ಲಿ?" ಎಂದ.

ಬಂದು ಯೋಚಿಸಿದೆ. ನಾನೇ ಬಂದುಬಿಡುತ್ತೇನೆ ಅಕ್ಕಾ. ಉಳಿಸಿದ್ದು ಸ್ವಲ್ಪ ಇದೆ. ಅಲ್ಲಿಯೇ ಒಂದು ಸಲೂನು ಇಡುತ್ತೇನೆ, ಕನ್ನಡಿ, ತಿರುಗುವ ಕುರ್ಚಿ, ಎಲ್ಲ ಚೊಕ್ಕಟವಾಗಿ. ಇಲ್ಲಿ ಮುಪ್ಪಿಗೆಂದು ಕಟ್ಟಿದ್ದು ಇಲ್ಲೇ ಉಳಿಯುತ್ತದೆ, ಉಳಿಯಲಿ. ನಾವು ಮೂವರೂ ಒಂದೇ ಸೂರಿನಡಿ ಇರೋಣ. ನೀನು ಹೂಂ ಎಂದರೆ ಸಾಕು.

ನಿನ್ನ ತಮ್ಮ

ಅಕ್ಟೋಬರ್ ೫

ತಮ್ಮಾ,

ಹೂಂ ಎನ್ನುವುದಿಲ್ಲ.

ಕನ್ನಡಿ ಇಡುತ್ತೀಯ, ತಿರುಗುವ ಕುರ್ಚಿ ಇಡುತ್ತೀಯ. ಹೊಸಬರು ಬರುತ್ತಾರೆ, ಹಣ ಕೊಡುತ್ತಾರೆ, ನಿಜ. ಆದರೆ ಮೆಣಸು ಯಾರ ಮಗಳು ಎಂದು ಶಾಲೆಯಲ್ಲಿ ಕೇಳಿದಾಗ ಅವಳ ಪಕ್ಕದವಳು ಬೆಂಚಿನಲ್ಲಿ ಎಷ್ಟು ಸರಿದು ಕೂರುತ್ತಾಳೆ ಎಂದು ನನಗೆ ಗೊತ್ತು. ನಾನು ಆ ಬೆಂಚಿನಲ್ಲಿ ಕೂತೆದ್ದವಳು. ನಿನ್ನ ಕೋಟನ್ನು ಅವರೇ ಇಸಕೊಂಡು ಮೊಳೆಗೆ ಹಾಕುತ್ತಾರೆ ಎಂದು ಬರೆದೆಯಲ್ಲ, ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ. ಮೆಣಸು ಅಂಥ ಕಡೆ ಬೆಳೆಯಲಿ.

ನನ್ನ ಚಿಂತೆ ಬಿಡು. ಬಾಗಿಲಿಗೆ ದೀಪದ ಗಂಟೆ ಹಾಕಿಸಿದ್ದೇನೆ. ಹೊರಗೆ ಒತ್ತಿದರೆ ಒಳಗೆ ಕೆಂಪು ದೀಪ ಹತ್ತುತ್ತದೆ. ಯಾರು ಬಂದು ಒತ್ತುತ್ತಾರೆ ಎಂದು ಕೇಳಬೇಡ. ಮೆಣಸೇ ಹೊರಗೆ ಹೋಗಿ ಒತ್ತಿ ಒತ್ತಿ ಪರೀಕ್ಷೆ ಮಾಡಿದಳು. ಒತ್ತಿ ಓಡಿ ಬಂದು "ಹತ್ತಿತಾ?" ಎನ್ನುವುದು, ಮತ್ತೆ ಓಡುವುದು. ಕುಕ್ಕರು ಬಿಟ್ಟು ತಪ್ಪಲೆಯಲ್ಲಿ ಬೇಯಿಸುತ್ತೇನೆ. ಒಬ್ಬಳಿಗೆ ಎಷ್ಟು ಬೇಕು?

ಟಿಕೇಟು ಕಳಿಸು. ಎರಡು ಮನಸ್ಸು ಮಾಡಬೇಡ. ಮಾಡಿದರೆ ನಾನೂ ಎರಡು ಮನಸ್ಸು ಮಾಡುತ್ತೇನೆ, ಆಮೇಲೆ ಆಗುವುದಿಲ್ಲ.

ಅಕ್ಕ

ಡಿಸೆಂಬರ್ ೨೮

ಅಕ್ಕಾ,

ಅವಳು ಕ್ಷೇಮವಾಗಿ ಬಂದದ್ದನ್ನು ಅಂದೇ ಪಕ್ಕದ ಮನೆಯವರ ಫೋನಿಗೆ ಹೇಳಿದ್ದೆ, ಹೇಳಿದರು ತಾನೆ?

ವಿಮಾನದವರು ಕೈ ಹಿಡಿದು ಕರೆತಂದರು. ನನ್ನನ್ನು ನೋಡಿ ಮೊದಲು ಅಂದದ್ದು, "ಫೋಟೋದಲ್ಲಿ ದಪ್ಪ ಕಾಣ್ತಿದ್ರಿ." ಅಷ್ಟೇ. ನೀಲಿ ಕೋಣೆ ನೋಡಿ, "ಚೆನ್ನಾಗಿದೆ" ಎಂದಳು, ನೆಂಟರ ಮನೆಗೆ ಬಂದವರ ಹಾಗೆ. ತಟ್ಟೆ ತಾನೇ ತೊಳೆದಿಟ್ಟಳು. ಮಾತಾಡುವಾಗ ನನ್ನ ಮುಂದೆ ಬಂದು, ಮುಖ ನೋಡಿ, ಬಾಯಿ ಅಗಲ ಮಾಡಿ ಜೋರಾಗಿ ಹೇಳುತ್ತಾಳೆ. "ಅಪ್ಪಂಗೆ ಕೇಳ್ಸುತ್ತೆ ಮಗಾ" ಎಂದೆ. ಆಗಿನಿಂದ ಇನ್ನೂ ಕಡಿಮೆ ಮಾತಾಡುತ್ತಾಳೆ.

ಮೊದಲನೆಯ ಬಾರಿ ವಿಮೆಯ ಕಂತಿನ ಚೀಟಿಯಲ್ಲಿ ನನ್ನ ಹೆಸರಿನ ಕೆಳಗೆ ಅವಳ ಹೆಸರೂ ಬಂದಿದೆ. ಅದನ್ನು ನೋಡಿದಾಗ ಗೆದ್ದೆ ಎನ್ನಿಸಿತ್ತು. ಮಾರನೆಯ ದಿನ ಅವಳನ್ನು ಶಾಲೆಗೆ ಹೊರಡಿಸಬೇಕಿತ್ತು. ಬಾಚಣಿಗೆ ತಂದು ನನಗೆ ಬೆನ್ನು ಮಾಡಿ ಕೂತಳು. ಎಷ್ಟು ತಲೆ ನೋಡಿದ್ದೇನೆ ಅಕ್ಕಾ, ಆದರೆ ನನ್ನ ಕೈಗೆ ಗೊತ್ತಿರುವುದು ಕತ್ತರಿಸುವುದು. ಜಡೆ ಹಾಕಲು ಬರುವುದಿಲ್ಲ. ಹಾಕಿದೆ, ಹಗ್ಗದ ಹಾಗೆ ಸುತ್ತಿಕೊಂಡಿತು. ಫೋನಿನಲ್ಲಿ ವಿಡಿಯೋ ನೋಡಿಕೊಂಡು ಮತ್ತೆ ಹಾಕಿದೆ. ಕೈಯಿಂದ ಮುಟ್ಟಿ ನೋಡಿ ಬಿಚ್ಚಿಬಿಟ್ಟಳು. "ಅತ್ತೆ ಹೀಗೆ ಹಾಕಲ್ಲ." "ಹೇಗೆ ಹಾಕ್ತಾರೆ, ಹೇಳು." "ನಂಗೇನ್ ಗೊತ್ತು? ಅದು ಹಿಂದೆ ಇರುತ್ತಲ್ಲ."

ನಾನು ಬುದ್ಧಿಯಿಲ್ಲದೆ, "ಚಿಕ್ಕದಾಗಿ ಕತ್ತರಿಸ್ಲಾ? ಸುಲಭ ಆಗುತ್ತೆ" ಎಂದೆ. ಎರಡೂ ಕೈಯಲ್ಲಿ ಕೂದಲು ಹಿಡಿದುಕೊಂಡು ಗೋಡೆಗೆ ಒತ್ತಿ ನಿಂತಳು. ಬಂದ ಮೇಲೆ ಅತ್ತದ್ದು ಅದೇ ಮೊದಲು. ಅಂದು ಕೂದಲು ಬಿಟ್ಟುಕೊಂಡೇ ಶಾಲೆಗೆ ಹೋದಳು, ನಾನು ತಡವಾಗಿ ಕೆಲಸಕ್ಕೆ ಹೋದೆ.

ಹೇಗೆ ಹಾಕುವುದು ಎಂದು ಬರೆದು ಕಳಿಸು ಅಕ್ಕಾ. ನಿಧಾನವಾಗಿ, ಏನೂ ಬರದವನಿಗೆ ಹೇಳುವ ಹಾಗೆ.

ನಿನ್ನ ತಮ್ಮ

ಜನವರಿ ೧೮

ತಮ್ಮಾ,

ಬರೆಯಲು ಕೂತರೆ ಒಂದೂ ನೆನಪಾಗಲಿಲ್ಲ. ಕೈಗೆ ಗೊತ್ತಿದೆ, ನನಗೆ ಗೊತ್ತಿಲ್ಲ. ಹಳೆಯ ಸೀರೆಯ ಅಂಚನ್ನು ಮೂರು ಸೀಳು ಮಾಡಿ ಕಿಟಕಿಯ ಸರಳಿಗೆ ಕಟ್ಟಿ, ನನ್ನ ಕೈ ಏನು ಮಾಡುತ್ತದೆ ಎಂದು ನಾನೇ ನೋಡಿ ನೋಡಿ ಬರೆದಿದ್ದೇನೆ.

ಮೊದಲು ಎಣ್ಣೆ, ಎರಡೇ ತೊಟ್ಟು. ನಿನ್ನ ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ಹಚ್ಚು. ಸಿಕ್ಕು ಬಿಡಿಸುವಾಗ ತುದಿಯಿಂದ ಶುರು ಮಾಡು, ಬುಡದಿಂದ ಎಳೆದರೆ ಒದೆಯುತ್ತಾಳೆ. ಬೈತಲೆ ನೆಟ್ಟಗೆ ತೆಗೆಯಲು ಹೋಗಬೇಡ, ಅವಳ ನೆತ್ತಿ ಎಡಕ್ಕೆ ವಾಲಿದೆ. ಆಮೇಲೆ ಕೂದಲನ್ನು ಮೂರು ಪಾಲು ಮಾಡು. ಬಲಗಡೆಯದನ್ನು ನಡುವಿನದರ ಮೇಲೆ ತಾ, ಈಗ ಅದೇ ನಡುವಿನದು. ಎಡಗಡೆಯದನ್ನು ಅದರ ಮೇಲೆ ತಾ. ಪ್ರತಿ ಸಲವೂ ಎರಡು ಕೈಯನ್ನೂ ಹೊರಗೆ ಎಳೆದು ಬಿಗಿ ಮಾಡು. ನೀನು ಹೆದರಿಕೊಂಡು ಸಡಿಲ ಬಿಟ್ಟಿರುತ್ತೀಯ, ಅದಕ್ಕೇ ಬಿಚ್ಚಿದ್ದಾಳೆ. ನಾನು ಬಿಗಿಯಾಗಿ ಹಾಕುತ್ತಿದ್ದೆ. ಬಯ್ಯುತ್ತಾಳೆ, ಬಯ್ಯಲಿ. ಬಯ್ದರೆ ಸರಿಯಾಗಿದೆ ಎಂದು ಅರ್ಥ. ಹೆಣೆಯುವಾಗ ಏನಾದರೂ ಮಾತಾಡುತ್ತಿರುತ್ತಾಳೆ. ಹಿಂದೆ ನಿಂತವಳಿಗೆ ಅವಳ ಬಾಯಿ ಕಾಣುತ್ತಿರಲಿಲ್ಲ, ನನಗೆ ಒಂದೂ ತಿಳಿಯುತ್ತಿರಲಿಲ್ಲ. ಅಷ್ಟು ವರ್ಷ ಏನು ಹೇಳುತ್ತಿದ್ದಳೋ. ನೀನು ಕೇಳು.

ಗಿರಣಿ ನಡೆಯುತ್ತಿದೆ. ಕೆಂಪು ದೀಪ ಒಮ್ಮೆ ಹತ್ತಿತ್ತು, ಹೋಗಿ ನೋಡಿದರೆ ಅಂಚೆಯವನು, ನಿನ್ನ ಕಾಗದ.

ಜಡೆಯ ತುದಿಗೆ ಬಂದಾಗ ನಾಲ್ಕು ಬೆರಳಿನಷ್ಟು ಬಿಟ್ಟು ರಿಬ್ಬನ್ನು ಕಟ್ಟು. ಕಟ್ಟುವ ಹೊತ್ತಿಗೆ ಅವಳು ಹಿಂದಕ್ಕೆ ವಾಲಿ ನಿನ್ನ ಹೊಟ್ಟೆಗೆ ತಲೆ ಆನಿಸುತ್ತಾಳೆ. ಬೆಳಗಿನ ನಿದ್ದೆ ಇನ್ನೂ ಇರುತ್ತದೆ. ಆಗ "ಆಯ್ತು, ಏಳು" ಎನ್ನಬೇಡ. ಶಾಲೆಗೆ ತಡವಾದರೂ ಸರಿ, ಸ್ವಲ್ಪ ಹೊತ್ತು ಹಾಗೆಯೇ ನಿಂತಿರು.

ಅಕ್ಕ